ಎಂತ ಅವತಾರ ಇದು!

ಜುಲೈ ತಿಂಗಳ ಭಾನುವಾರ, ಹೊರಗೆ ಜಿಟಿಜಿಟಿ ಮಳೆ. ಬೆಂಗಳೂರಿನ ತಂಗಿಯ ಮನೆಯಲ್ಲಿ ನಾನು ಊರಿಂದ ತಂದ ಜೀಗುಜ್ಜೆಯ ಪೋಡಿ ಕಾಯಿಸುತ್ತಿದ್ದೆ. ಚಾವಡಿಯಲ್ಲಿ, ಅಂದರೆ ಇಲ್ಲಿಯವರು ಹಾಲ್ ಎನ್ನುವ ಜಾಗದಲ್ಲಿ, ತಂಗಿಯ ಮಗ ಮತ್ತು ಅವನ ನಾಲ್ವರು ಗೆಳೆಯ ಗೆಳತಿಯರು ಊಟದ ಮೇಜಿಗೆ ಮುತ್ತಿಕೊಂಡಿದ್ದರು. ಮೇಜಿನ ಮೇಲೆ ಪೆನ್ಸಿಲು, ರಬ್ಬರು, ಚೌಕುಳಿ ಗೆರೆಯ ಹಾಳೆಗಳು, ಮತ್ತು ಕಲ್ಲುಸಕ್ಕರೆ ಹರಳಿನಂಥ ಬಣ್ಣಬಣ್ಣದ ದಾಳಗಳು. ನಮ್ಮ ಪಗಡೆಯ ಉದ್ದ ದಾಳವೂ ಅಲ್ಲ, ಲೂಡೋದ ಚಚ್ಚೌಕವೂ ಅಲ್ಲ. ನಾಲ್ಕು ಮುಖದ್ದು, ಎಂಟು ಮುಖದ್ದು, ಹತ್ತು, ಹನ್ನೆರಡು, ಇಪ್ಪತ್ತು ಮುಖದ್ದು.

ತಟ್ಟೆ ಹಿಡಿದು ಹೊರಗೆ ಬಂದಾಗ ಮೇಜಿನ ಸುತ್ತ ಸೂತಕದ ಮೌನ. ಒಬ್ಬ ಹುಡುಗಿಯ ಪಾತ್ರ ಆಗಷ್ಟೇ ಸತ್ತಿತ್ತು.

"ನಿನ್ನ ಕ್ಲೆರಿಕ್ ಎಬ್ಬಿಸೋಕಾಗಲ್ವಾ?" ಹುಡುಗಿ ಕೇಳಿದಳು.

"ಇಲ್ಲ ಕಣೇ, ಸ್ಲಾಟ್ ಎಲ್ಲ ಖಾಲಿ" ಎಂದ ನಮ್ಮವನು. ನನ್ನ ಮುಖ ನೋಡಿ, "ಅಂದ್ರೆ ದೊಡ್ಡಮ್ಮ, ನಾನು ಇದರಲ್ಲಿ ಪೂಜಾರಿ ಥರ. ಇವತ್ತಿನ ಪ್ರಾರ್ಥನೆಯೆಲ್ಲ ಖರ್ಚಾಗೋಯ್ತು. ರಾತ್ರಿ ಮಲಗಿ ಎದ್ರೆ ಮತ್ತೆ ಭರ್ತಿ ಆಗತ್ತೆ" ಎಂದು ವಿವರಿಸಿದ.

ತಟ್ಟೆ ಮೇಜಿನ ಮೇಲಿಟ್ಟೆ, ಆದರೆ ಒಳಗೆ ಹೋಗಲಿಲ್ಲ. ಪ್ರಾರ್ಥನೆ ಖರ್ಚಾಗುತ್ತದೆ ಎನ್ನುವ ಮಾತು ಕಾಲಿಗೆ ತೊಡರಿಕೊಂಡಿತ್ತು. ಮೊಬೈಲಿನ ರೀಚಾರ್ಜಿನ ಹಾಗೆ ಮುಗಿಯುವ, ನಿದ್ದೆಯಲ್ಲಿ ತುಂಬಿಕೊಳ್ಳುವ ಪ್ರಾರ್ಥನೆ! ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು, ಇನ್ನು ಬೇಡಿಕೊಳ್ಳಲಿಕ್ಕೂ ನನ್ನಲ್ಲಿ ಏನೂ ಉಳಿದಿಲ್ಲ ಅನ್ನಿಸಿದ ಒಂದು ರಾತ್ರಿ ನನಗೂ ಉಂಟು. ಮರುದಿನ ಬೆಳಿಗ್ಗೆ ಎದ್ದಾಗ ಮತ್ತೆ ಬೇಡುವ ಶಕ್ತಿ ಎಲ್ಲಿಂದಲೋ ಬಂದಿತ್ತು. ಹುಡುಗ ಹೇಳಿದ ಲೆಕ್ಕ ಅಷ್ಟೇನೂ ತಪ್ಪಲ್ಲ.

*

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಪಕ್ಕದ ಮಿನೆಸೋಟದ ಡೇವ್ ಆರ್ನೆಸನ್ ಸೇರಿ 1974ರಲ್ಲಿ ಹೊರತಂದದ್ದು. ಮೇಜಿನ ಒಂದು ತುದಿಯಲ್ಲಿ ಕಥೆ ನಡೆಸುವವನೊಬ್ಬ; ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ವೇಷವಿಲ್ಲ, ರಂಗವಿಲ್ಲ, ಮೊದಲೇ ಬರೆದ ಮಾತಿಲ್ಲ.

ಇದನ್ನು ನೋಡಿದರೆ ಪುತ್ತೂರು ಕಡೆಯವರಿಗೆ ತಾಳಮದ್ದಳೆ ನೆನಪಾಗದೆ ಇರುವುದಿಲ್ಲ. ಅಲ್ಲಿಯೂ ಭಾಗವತರು ಕಥೆಯ ದಾರಿ ಹಿಡಿದಿರುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾಲಿಯಾಗುತ್ತಾರೆ, ರಾಮನಾಗುತ್ತಾರೆ. ಅಪ್ಪ ಹವ್ಯಾಸಿ ಅರ್ಥಧಾರಿ. ವಾಲಿವಧೆಯಲ್ಲಿ ಬಾಣ ತಾಗಿದ ಮೇಲೂ ಮುಕ್ಕಾಲು ಗಂಟೆ ರಾಮನನ್ನು ಪಾಟೀಸವಾಲಿಗೆ ಗುರಿಮಾಡಿ, ಸತ್ತು, ತಕ್ಷಣ ಪಕ್ಕದವರ ಕೈಯಿಂದ ಕಾಫಿ ಲೋಟ ತೆಗೆದುಕೊಂಡದ್ದನ್ನು ಕಂಡು ನಾನು ಕಂಗಾಲಾಗಿದ್ದೆ. "ನೀನು ಸತ್ತದ್ದಲ್ವಾ ಅಪ್ಪ?" ಎಂದದ್ದಕ್ಕೆ, "ಸತ್ತದ್ದು ವಾಲಿ. ನನಗೆ ಕಾಫಿ ಬೇಕು" ಎಂದಿದ್ದರು.

ಅಮೆರಿಕದ ಆ ಮೊದಲ ಪುಸ್ತಕದಲ್ಲಿ ಮೂರೇ ಬಗೆಯ ಪಾತ್ರಗಳಿದ್ದವು: ಹೋರಾಡುವವನು, ಮಂತ್ರವಾದಿ, ಮತ್ತು ಕ್ಲೆರಿಕ್ ಎಂಬ ಪಾದ್ರಿ. ಪಾದ್ರಿ ಹುಟ್ಟಿದ ಕಥೆ ತಮಾಷೆಯದು. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಗಿ ಬೆಳೆದು, ಯಾರ ಕೈಗೂ ಸಿಗದಷ್ಟು ಬಲಿಷ್ಠವಾಯಿತಂತೆ. ಅದನ್ನು ಹದ್ದುಬಸ್ತಿನಲ್ಲಿಡಲು ಇನ್ನೊಬ್ಬನಿಗೆ ಬಿಷಪ್ಪನ ಪಾತ್ರ ಕೊಟ್ಟರು. ಶಿಲುಬೆ ಹಿಡಿದು ಪಿಶಾಚಿ ಓಡಿಸುವ ಆ ಕಾಲದ ಸಿನಿಮಾಗಳ ನೆರಳು ಅವನ ಮೇಲಿತ್ತು. ಪಾದ್ರಿ ರಕ್ತ ಚೆಲ್ಲಬಾರದೆಂದು ಅವನಿಗೆ ಹರಿತವಾದ ಆಯುಧ ನಿಷೇಧ, ಗದೆ ಹಿಡಿಯಬಹುದು. ಗದೆಯಿಂದ ತಲೆ ಒಡೆದರೆ ರಕ್ತ ಬರುವುದಿಲ್ಲವೇ ಎಂದು ಭೀಮಸೇನನನ್ನು ಬಲ್ಲ ನಾವು ಕೇಳಬಹುದು.

ಪಾದ್ರಿ ಮೇಲೇರಿದಂತೆ ಸಿಗುವ ಬಿರುದುಗಳ ಪಟ್ಟಿಯೊಂದು ಆ ಪುಸ್ತಕದಲ್ಲಿದೆ. ಹಳ್ಳಿಯ ಪಾದ್ರಿ, ವಿಕಾರ್, ಕ್ಯುರೇಟ್, ಬಿಷಪ್ ಆದ ಮೇಲೆ ಲಾಮಾ, ಲಾಮಾ ಆದ ಮೇಲೆ ಪೇಟ್ರಿಯಾರ್ಕ್! ಬೈಲುಕುಪ್ಪೆಯ ವಿಹಾರದಲ್ಲಿ ಮರೂನು ಬಟ್ಟೆ ಹೊದ್ದು ಕೂತ ಹಿರಿಯ ಲಾಮಾ ಒಬ್ಬರಿಗೆ, ನೀವು ಬಿಷಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ, ಇನ್ನೊಂದು ಬಡ್ತಿ ಸಿಕ್ಕರೆ ಪೇಟ್ರಿಯಾರ್ಕ್ ಎಂದು ಹೇಳಿದರೆ ಅವರು ಎಷ್ಟು ನಗಬಹುದು! ಎರಡು ಬೇರೆ ಬೇರೆ ಆಕಾಶಗಳ ಪದಗಳು ಒಂದೇ ಕಚೇರಿಯ ಹುದ್ದೆಗಳಂತೆ ಸಾಲಾಗಿ ನಿಂತಿವೆ. ಬರೆದವರ ಮನಸ್ಸಿನಲ್ಲಿ ಲೇವಡಿ ಇದ್ದಂತಿಲ್ಲ. ಗುಡ್ಡಕ್ಕೆ ಹೋದ ಮಕ್ಕಳು ಯಾವ ಗಿಡದ್ದು, ಯಾರ ಗಿಡದ್ದು ಎಂದು ಕೇಳದೆ ಚಂದ ಕಂಡ ಹೂವನ್ನೆಲ್ಲ ಮಡಿಲಿಗೆ ತುಂಬಿಕೊಂಡು ಬರುವ ಹಾಗೆ ಅವರು ಪದಗಳನ್ನು ಕೊಯ್ದಿದ್ದರು.

ಮೊದಮೊದಲು ಬೈಬಲಿನ ಹಿತ್ತಲಿನಿಂದಲೇ ಹೆಚ್ಚು ಕೊಯ್ದರು. ಕೋಲನ್ನು ಹಾವಾಗಿಸುವುದು, ಮಿಡತೆ ನೊಣಗಳ ಹಿಂಡನ್ನು ಕರೆಯುವುದು, ಸತ್ತವರನ್ನು ಎಬ್ಬಿಸುವುದು, ಎಲ್ಲವೂ ಪಾದ್ರಿಯ ಮಂತ್ರಗಳು. ಈಜಿಪ್ಟಿನ ದೊರೆಯ ಮುಂದೆ ಮೋಶೆ ಮತ್ತು ಆರೋನ ತೋರಿಸಿದ ಅದ್ಭುತಗಳು ಇಲ್ಲಿ ನಾಲ್ಕನೇ ಹಂತ, ಐದನೇ ಹಂತ ಎಂಬ ದರ್ಜೆ ಹೊತ್ತಿವೆ. ಒಂದು ಜನಾಂಗದ ಬಿಡುಗಡೆಯ ಕಥೆಯಲ್ಲಿ ಒಮ್ಮೆ ಮಾತ್ರ ನಡೆದದ್ದು ಆಟದಲ್ಲಿ ದಿನಕ್ಕೆ ಎರಡು ಸಲ ನಡೆಯುತ್ತದೆ.

*

ಲೆಕ್ಕ ಹಾಕಿದ ಕೂಡಲೇ ಬೆರಗು ಸಾಯುತ್ತದೆ ಎಂದು ಮೊದಲು ಅಂದುಕೊಂಡೆ. ಆಮೇಲೆ ಅಜ್ಜಿ ನೆನಪಾದಳು. ಅವಳು ಪಾರಿಜಾತದ ಹೂವನ್ನು ಲಕ್ಷ ಎಣಿಸಿ ದೇವರಿಗೆ ಏರಿಸುವ ಹರಕೆ ಹೊತ್ತಿದ್ದಳು. ನೂರಕ್ಕೊಂದು ಹುಣಸೆಬೀಜ ಡಬ್ಬಿಯೊಳಗೆ. ಜಪಮಾಲೆಗೆ ನೂರ ಎಂಟು ಮಣಿ, ನಾಮ ಸಾವಿರ, ದೀಪ ಲಕ್ಷ. ನಾವೂ ಎಣಿಸಿದವರೇ. ಆದರೆ ಅಜ್ಜಿಯ ಲೆಕ್ಕ ಏರುತ್ತ ಹೋಗುತ್ತಿತ್ತು; ಎಣಿಕೆ ಮುಗಿದಾಗ ಕೈ ಮುಗಿಯುತ್ತಿತ್ತು. ಆಟದ ಪಾದ್ರಿಯ ಲೆಕ್ಕ ಇಳಿಯುತ್ತ ಹೋಗುತ್ತದೆ. ಮುಗಿದಾಗ ಅವನ ಕೈ ಖಾಲಿ.

ಇಳಿಯುವ ಲೆಕ್ಕದ ಪರಾಕಾಷ್ಠೆ 1980ರ ಒಂದು ಪುಸ್ತಕದಲ್ಲಿದೆ. ಹೆಸರು ಡೀಟೀಸ್ ಅಂಡ್ ಡೆಮಿಗಾಡ್ಸ್. ಗ್ರೀಸ್, ಈಜಿಪ್ಟ್, ಬ್ಯಾಬಿಲೋನಿಯ, ಚೀನಾ, ಜಪಾನುಗಳ ಜೊತೆಗೆ ಭಾರತದ ದೇವತೆಗಳಿಗೂ ಅದರಲ್ಲಿ ಒಂದು ಅಧ್ಯಾಯ. ಇಂದ್ರ, ಅಗ್ನಿ, ಕಾಳಿ, ವಿಷ್ಣು, ಒಬ್ಬೊಬ್ಬರಿಗೂ ಇಂತಿಷ್ಟು ಪೆಟ್ಟು ತಡೆಯಬಲ್ಲರು ಎಂಬ ಅಂಕಿ, ಇಂತಿಷ್ಟು ಗಟ್ಟಿ ಕವಚ ಎಂಬ ಅಂಕಿ. ಯಾಕೆ ಎಂದರೆ, ಅಂಕಿ ಇದ್ದದ್ದನ್ನು ಸೊನ್ನೆಗೆ ಇಳಿಸಬಹುದು. ಸೊನ್ನೆಗೆ ಇಳಿದದ್ದು ಸಾಯುತ್ತದೆ.

ಯೇಸು ಅದರಲ್ಲಿಲ್ಲ. ಅಬ್ರಹಾಮನ ಪರಂಪರೆಯ ಮೂರು ಧರ್ಮಗಳಿಗೂ ಅಧ್ಯಾಯವಿಲ್ಲ. ತಮ್ಮ ನೆರೆಮನೆಯವರು ಇಂದಿಗೂ ಪೂಜಿಸುವ ದೇವರಿಗೆ ಅಂಕಿ ಬರೆಯಬಾರದು ಎಂಬ ವಿವೇಕ ಅವರಿಗಿತ್ತು. ವಿಷ್ಣುವನ್ನು ಪೂಜಿಸುವವರು ಅವರ ನೆರೆಯಲ್ಲಿರಲಿಲ್ಲ, ಅಷ್ಟೆ. ಜ್ಯೂಸನ ಪಕ್ಕದಲ್ಲಿ ವಿಷ್ಣುವನ್ನೂ ಮ್ಯೂಸಿಯಮ್ಮಿನ ಕಪಾಟಿನಲ್ಲಿ ಕೂರಿಸಿದರು. ಇದು ನನಗೆ ಕೋಪಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಂಕೋಚ ತರಿಸುತ್ತದೆ, ಬದುಕಿರುವವರ ಫೋಟೋಕ್ಕೆ ಯಾರೋ ತಿಳಿಯದೆ ಹಾರ ಹಾಕಿದಾಗ ಆಗುವಂಥದು.

ಅದೇ ಪುಸ್ತಕದ ಮೊದಲ ಮುದ್ರಣಗಳಲ್ಲಿ ಕಥೆಗಾರ ಲವ್‌ಕ್ರಾಫ್ಟ್ ಕಲ್ಪಿಸಿದ ಥುಲುವಿನಂಥ ಭಯಾನಕ ದೇವತೆಗಳೂ ಇದ್ದವು. ಅವುಗಳ ಆಟದ ಹಕ್ಕು ಬೇರೆ ಕಂಪನಿಯದಾದ್ದರಿಂದ ಮುಂದಿನ ಮುದ್ರಣಗಳಲ್ಲಿ ಆ ಅಧ್ಯಾಯ ಹೊರಬಿತ್ತು. ಇಂದ್ರ ಉಳಿದ. ಒಬ್ಬ ಲೇಖಕ ನಿನ್ನೆ ಮೊನ್ನೆ ಹುಟ್ಟಿಸಿದ ದೇವರಿಗೆ ಯಜಮಾನರುಂಟು. ಸಾವಿರಾರು ವರ್ಷ ಕೋಟ್ಯಂತರ ಬಾಯಿಗಳಲ್ಲಿ ಓಡಾಡಿದ ಹೆಸರಿಗೆ ಯಾರ ಅನುಮತಿಯೂ ಬೇಡ. ಊರ ನಡುವಿನ ಗೋಳಿಮರದ ಹಾಗೆ, ಯಾರೂ ಬಂದು ಕೊಂಬೆ ಕಡಿಯಬಹುದು. ಯಾರೂ ಬಂದು ಕಟ್ಟೆಯಲ್ಲಿ ಕೂರಬಹುದು.

*

ಆಟದ ಪುಸ್ತಕಗಳಲ್ಲಿ ನಮ್ಮ ಪದಗಳು ತೊಟ್ಟ ವೇಷ ನೋಡಬೇಕು. 1977ರ ಮಾನ್‌ಸ್ಟರ್ ಮ್ಯಾನ್ಯುಅಲ್‌ನಲ್ಲಿ ರಾಕ್ಷಸನ ಚಿತ್ರವಿದೆ. ಹುಲಿಯ ತಲೆ, ಮೈಮೇಲೆ ಸಾಹೇಬರ ನಿಲುವಂಗಿ, ಕೈಯಲ್ಲಿ ಹೊಗೆಸೊಪ್ಪಿನ ಪೈಪು! ಈ ರಾಕ್ಷಸ ವಾಲ್ಮೀಕಿಯಿಂದ ಬಂದವನಲ್ಲ. ಅಲೌಕಿಕ ಸುದ್ದಿಗಳ ಬೆನ್ನು ಹತ್ತುವ ಶಿಕಾಗೋದ ಪತ್ರಕರ್ತನೊಬ್ಬನ ಕಥೆ ಹೇಳುವ, 1974ರ ಕೋಲ್ಚಾಕ್ ಎಂಬ ಟಿವಿ ಧಾರಾವಾಹಿಯ ಒಂದು ಕಂತಿನಿಂದ ಬಂದವನು. ಅಲ್ಲಿ ರಾಕ್ಷಸ, ಬಲಿಯಾಗುವವನು ಯಾರನ್ನು ನಂಬುತ್ತಾನೋ ಅವರದೇ ರೂಪದಲ್ಲಿ ಎದುರು ಬರುತ್ತಾನೆ. ಮಂತ್ರಿಸಿದ ಬಾಣವೊಂದೇ ಅವನನ್ನು ಕೊಲ್ಲುವುದು. ಆಟವೂ ಅದನ್ನು ಹಾಗೆಯೇ ಎತ್ತಿಕೊಂಡಿತು.

ಹುಲಿತಲೆಗೆ ನಗುತ್ತಿದ್ದವಳಿಗೆ ಎರಡನೆಯ ಮಾತು ಕೇಳಿ ನಗು ನಿಂತಿತು. ನಂಬಿದವರ ರೂಪದಲ್ಲಿ ಬರುವವನು! ಚಿನ್ನದ ಜಿಂಕೆಯಾಗಿ ಮಾರೀಚ ಬಂದದ್ದು, ಸನ್ಯಾಸಿಯಾಗಿ ರಾವಣ ಬಂದದ್ದು ಹಾಗೆಯೇ ತಾನೆ? ವೇಷ ಪೂರಾ ತಪ್ಪು, ಗುಣ ಪೂರಾ ಸರಿ.

ನಮ್ಮ ಯಕ್ಷಗಾನದ ರಾಕ್ಷಸನ ಮುಖವಾದರೂ ವಾಲ್ಮೀಕಿಯಲ್ಲಿ ಎಲ್ಲಿದೆ? ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಚುಕ್ಕಿಚುಕ್ಕಿಯಾಗಿ ಮುಖದ ತುಂಬ ಇಟ್ಟು, ಗಂಟೆಗಟ್ಟಲೆ ಕೂತು ಬರೆದುಕೊಳ್ಳುವ ಬಣ್ಣದ ವೇಷವನ್ನು ಕರಾವಳಿಯ ಕಲಾವಿದರು ತಮ್ಮ ಬೆರಗಿನಿಂದಲೇ ಕಟ್ಟಿದರು. ಒಂದು ಮಾತು ಮಾತ್ರ ಬೇರೆ. ಆ ಬಣ್ಣ ಹಚ್ಚುವ ಚೌಕಿಯಲ್ಲಿ ಮೊದಲು ಗಣಪತಿಗೆ ಪೂಜೆಯಾಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮಹಿಷಾಸುರನಾಗಿ ದೊಂದಿ ಹಿಡಿದು ಆರ್ಭಟಿಸಬೇಕಾದವನು ಕಿರೀಟವನ್ನು ಕಣ್ಣಿಗೆ ಒತ್ತಿಕೊಂಡು ತಲೆಗೆ ಏರಿಸುತ್ತಾನೆ. ಸಣ್ಣವಳಿದ್ದಾಗ ಚೌಕಿಯ ತಟ್ಟಿಯ ಸಂದಿಯಿಂದ ಅದನ್ನು ಕದ್ದು ನೋಡಿದ್ದೇನೆ. ರಂಗದ ಮೇಲಿನ ಅಬ್ಬರಕ್ಕಿಂತ ಅದೇ ಹೆಚ್ಚು ನೆನಪಿದೆ.

ಪದಗಳು ಹೊರಟ ಮೇಲೆ ಎಲ್ಲೆಲ್ಲಿ ತಂಗಿ ಏನೇನಾಗುತ್ತವೋ! ಅರಬರ ಕಥೆಗಳಲ್ಲಿ ಭೂಮಿಯ ಭಾರ ಹೊತ್ತ ಮಹಾಮತ್ಸ್ಯ ಬಹಮೂತ್, ಆಟದಲ್ಲಿ ಡ್ರ್ಯಾಗನ್ನುಗಳ ರಾಜ. ಜಪಾನಿನ ಫೈನಲ್ ಫ್ಯಾಂಟಸಿ ಎಂಬ ವಿಡಿಯೊ ಆಟಗಳಲ್ಲಿ ಅಸುರ ಎಂದರೆ ಗಾಯ ಮಾಯಿಸುವ ಮೂರು ಮುಖದ ರಾಣಿ. ಶಿವ ಎಂದರೆ ಹಿಮದ ದೇವಿ, ನೀಲಿ ಮೈಯ ಹೆಣ್ಣು. ಅಯ್ಯೋ ಎಂದುಕೊಂಡ ಮರುಕ್ಷಣವೇ ಅಮರನಾಥದ ಗುಹೆಯಲ್ಲಿ ಕಟ್ಟಿ ಕರಗುವ ಹಿಮದ ಲಿಂಗ ಕಣ್ಣಿಗೆ ಬಂತು, ಕೈಲಾಸ ಬಂತು, ಅರ್ಧ ದೇಹವನ್ನೇ ಹೆಣ್ಣಿಗೆ ಕೊಟ್ಟವನ ನೆನಪು ಬಂತು. ದಾರಿ ತಪ್ಪಿ ಅಲೆದ ಪದ ಹಿಂಬಾಗಿಲಿನಿಂದ ಮನೆಗೇ ಬಂದು ಸೇರಿದ ಹಾಗಿತ್ತು.

ಇಂಥ ತಿರುವುಮುರುವು ಹೊಸದೂ ಅಲ್ಲ. ನಮ್ಮ ದೇವ ಪಕ್ಕದ ಇರಾನಿನಲ್ಲಿ ದಏವನಾಗಿ ಕೇಡಿನ ಶಕ್ತಿಯಾದ. ನಮ್ಮಲ್ಲಿ ಕೆಟ್ಟ ಹೆಸರು ಹೊತ್ತ ಅಸುರ ಅಲ್ಲಿ ಅಹುರ ಮಜ್ದಾ ಎಂಬ ಪರಮದೇವನ ಹೆಸರಾದ. ಇದನ್ನೆಲ್ಲ ಯಾವ ಆಟದ ಕಂಪನಿಯೂ ಮಾಡಿದ್ದಲ್ಲ. 1983ರಲ್ಲಿ ಅಮೆರಿಕದ ಆಟದ ಪುಸ್ತಕಕ್ಕೆ ದೇವ ಎಂಬ ಪದ ಸೇರಿದಾಗ ಅದು ರೆಕ್ಕೆಯ ದೇವದೂತನಾಯಿತು.

ಎರವಲು ತಂದದ್ದನ್ನು ಹಿಂದಿರುಗಿಸಿದ್ದೂ ಉಂಟು. ಸಾವನ್ನು ವಂಚಿಸಿದ ಲಿಚ್ ಎಂಬ ಮಾಂತ್ರಿಕ ತನ್ನ ಜೀವವನ್ನು ಬಚ್ಚಿಡುವ ಪೆಟ್ಟಿಗೆಗೆ ಆಟದಲ್ಲಿ ಫಿಲ್ಯಾಕ್ಟರಿ ಎಂದು ಹೆಸರಿತ್ತು. ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟ ನಮ್ಮ ಅಜ್ಜಿಕಥೆಯ ರಾಕ್ಷಸನ ಜಾತಿಯವನೇ ಅವನು. ಆದರೆ ಫಿಲ್ಯಾಕ್ಟರಿ ಎಂದರೆ ಯಹೂದಿಗಳು ಪ್ರಾರ್ಥನೆಯ ಹೊತ್ತು ಹಣೆಗೂ ತೋಳಿಗೂ ಕಟ್ಟಿಕೊಳ್ಳುವ, ಶಾಸ್ತ್ರವಾಕ್ಯ ಬರೆದಿಟ್ಟ ಪುಟ್ಟ ಚರ್ಮದ ಪೆಟ್ಟಿಗೆಗೆ ಇಂಗ್ಲಿಷಿನಲ್ಲಿರುವ ಹೆಸರು. ಈಚಿನ ಪರಿಷ್ಕೃತ ಪುಸ್ತಕದಲ್ಲಿ ಆ ಪದ ಬಿಟ್ಟು ಆತ್ಮದ ಭರಣಿ ಎಂಬರ್ಥದ ಹೆಸರಿಟ್ಟಿದ್ದಾರೆ. ಆಟಕ್ಕೆ ಏನೂ ಕಡಿಮೆಯಾಗಲಿಲ್ಲ.

*

ಎಲ್ಲಕ್ಕಿಂತ ದೂರ ಹೋದ ಪದ ಅವತಾರ.

ಕಂಪ್ಯೂಟರಿನ ಸಾಹಸದ ಆಟಗಳೆಂದರೆ ಕೊನೆಗೊಬ್ಬ ದುಷ್ಟನನ್ನು ಹುಡುಕಿ ಕೊಲ್ಲುವುದೇ ಆಗಿದ್ದ ಕಾಲದಲ್ಲಿ, 1985ರಲ್ಲಿ, ರಿಚರ್ಡ್ ಗ್ಯಾರಿಯಟ್ ಅಲ್ಟಿಮಾ ಸರಣಿಯ ನಾಲ್ಕನೆಯ ಆಟ ಮಾಡಿದ. ಅದರಲ್ಲಿ ಕೊಲ್ಲಬೇಕಾದ ಖಳನಾಯಕನೇ ಇಲ್ಲ. ಆಡುವವನು ಸತ್ಯಸಂಧತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಪಳಗಿ ಅವತಾರ್ ಆಗಬೇಕು. ಗುಣಕ್ಕೊಂದು ಗುಡಿ, ಗುಡಿಗೊಂದು ಮಂತ್ರ. ಕೀಲಿಮಣೆಯಲ್ಲಿ ಮಂತ್ರ ಒತ್ತಿ ಧ್ಯಾನಿಸಬೇಕು. ಅಧ್ಯಾತ್ಮದ ಗುಡಿಯ ಮಂತ್ರ ಓಂ.

ಆ ಆಟದಲ್ಲಿ ಗಿಡಮೂಲಿಕೆ ಮಾರುವವಳೊಬ್ಬಳು ಕುರುಡಿ. ಬೆಲೆಯ ದುಡ್ಡನ್ನು ನೀವೇ ಎಣಿಸಿ ಇಡಬೇಕು. ಕಡಿಮೆ ಇಟ್ಟರೂ ಅವಳಿಗೆ ಗೊತ್ತಾಗದು. ಯಾರೂ ಗದರಿಸುವುದಿಲ್ಲ, ಸದ್ದಿಲ್ಲದೆ ಮುಂದೆ ಹೋಗಬಹುದು. ಆದರೆ ಎಲ್ಲೋ ಒಳಗೆ, ಪರದೆಯ ಮೇಲೆ ಕಾಣದ ಲೆಕ್ಕದಲ್ಲಿ, ನಿಮ್ಮ ಸತ್ಯ ಒಂದಿಷ್ಟು ಕರಗಿರುತ್ತದೆ. ಎಷ್ಟೋ ಹೊತ್ತಿನ ಮೇಲೆ ಗುಡಿಯ ಮುಂದೆ ನಿಂತಾಗ ಅದು ತಿಳಿಯುತ್ತದೆ.

ಗ್ಯಾರಿಯಟ್ ಅವತಾರದ ಅರ್ಥವನ್ನು ತಲೆಕೆಳಗು ಮಾಡಿದ್ದ. ಸಂಸ್ಕೃತದಲ್ಲಿ ಅವತಾರ ಎಂದರೆ ಇಳಿದು ಬರುವುದು. ಮೇಲಿನದು ಕೆಳಗಿನವರಿಗಾಗಿ ಇಳಿಯುವುದು. ಅವನ ಆಟದಲ್ಲಿ ಮನುಷ್ಯ ಮೆಟ್ಟಿಲು ಹತ್ತಿ ಅವತಾರವಾಗುತ್ತಾನೆ. ಹತ್ತುವುದಕ್ಕೆ ನಮ್ಮಲ್ಲಿ ಸಾಧಕ, ಸಿದ್ಧ ಎಂದು ಬೇರೆ ಮಾತುಗಳಿವೆ. ಆದರೂ ಕುರುಡಿಯ ಮುಂದೆ ನಾಣ್ಯ ಎಣಿಸುವ ಆ ಗಳಿಗೆಯನ್ನು ನೆನೆದರೆ, ಪದ ತಪ್ಪಿದವನು ಪದದ ಮರ್ಯಾದೆ ಉಳಿಸಿದ ಅನ್ನಿಸುತ್ತದೆ.

ಮರುವರ್ಷವೇ ಲ್ಯೂಕಸ್‌ಫಿಲ್ಮ್ ಗೇಮ್ಸ್‌ನವರ ಹ್ಯಾಬಿಟಾಟ್ ಎಂಬ ಜಾಲದ ಆಟ ಈ ಪದವನ್ನು ಇನ್ನೊಂದು ಕಡೆಗೆ ಎಳೆಯಿತು. ಪರದೆಯೊಳಗೆ ಓಡಾಡುವ ನಮ್ಮ ಗೊಂಬೆಗೆ ಅವತಾರ್ ಎಂದರು. ಮನುಷ್ಯ ಮೇಲೆ ಕೂತು, ತನ್ನೊಂದು ಅಂಶವನ್ನು ಕೆಳಗಿನ ಲೋಕಕ್ಕೆ ಇಳಿಸುತ್ತಾನೆ. ಇಲ್ಲಿ ಇಳಿಯುವುದಂತೂ ಸರಿಯಾಯಿತು. ಮೇಲೆ ಕೂತವನು ಯಾರು ಎಂಬುದೊಂದು ಬದಲಾಯಿತು. ಇವತ್ತು ಮೊಬೈಲಿನಲ್ಲಿ ಹೆಸರಿನ ಪಕ್ಕದ ಚಿಕ್ಕ ಚಿತ್ರಕ್ಕೂ ಅದೇ ಹೆಸರು. ಆ ಚಿತ್ರ ಬದಲಿಸಲು ನಮ್ಮ ಹುಡುಗನಿಗೆ ಅರ್ಧ ನಿಮಿಷ ಸಾಕು.

ದೂರುವ ಮೊದಲು ನಮ್ಮ ಮನೆಯನ್ನೂ ನೋಡಬೇಕಲ್ಲ. ಗದ್ದೆಯ ಕೆಸರಿನಲ್ಲಿ ಹೊರಳಿ ಬಂದ ನನ್ನನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಅಮ್ಮ ಕೂಗಿದ್ದು "ಎಂತ ಅವತಾರ ಇದು!" ಎಂದೇ. ಮತ್ಸ್ಯ ಕೂರ್ಮ ವರಾಹಗಳ ಸಾಲಿನಲ್ಲಿ ಹನ್ನೊಂದನೆಯವಳಾಗಿ ನಾನು ನಿಂತಿದ್ದೆ. ಕನ್ನಡದ ಬಾಯಿ ದೇವರ ಮಾತುಗಳನ್ನು ಬಿಟ್ಟದ್ದೇ ಇಲ್ಲ. ಬೈದರೆ ಮಂಗಳಾರತಿ ಎತ್ತಿದರು, ಇನ್ನೂ ಬೈದರೆ ಸಹಸ್ರನಾಮ ಮಾಡಿದರು. ದುಡ್ಡು ಮುಳುಗಿದರೆ ಗೋವಿಂದ, ಮುಳುಗಿಸಿದವನು ನಾಮ ಹಾಕಿದ, ಸಂಜೆ ಅವನೇ ತೀರ್ಥ ತೆಗೆದುಕೊಂಡ. ಹೆಚ್ಚು ಮಾತಾಡಿದರೆ ಪುರಾಣ, ಮನೆಯಲ್ಲಿ ತಕರಾರಾದರೆ ರಾಮಾಯಣ. ಇದನ್ನು ಅಪಚಾರ ಎಂದು ನಾವು ಯಾರೂ ಅಂದುಕೊಳ್ಳುವುದಿಲ್ಲ. ಸಂಜೆ ಗೋವಿಂದ ಎಂದು ನಕ್ಕ ಬಾಯಿಯೇ ಬೆಳಿಗ್ಗೆ ಗೋವಿಂದಾ ಎಂದು ಗದ್ಗದಿಸಬಲ್ಲದು. ಪದ ಬೀದಿಗೆ ಹೋಗಿ ಆಡಿ ಮೈ ಕೊಳೆ ಮಾಡಿಕೊಂಡು ಬಂದರೂ ಕಾಲು ತೊಳೆಯಲು ಮೆಟ್ಟಿಲ ಬಳಿ ಒಂದು ಚೆಂಬು ನೀರು ಇಟ್ಟಿರುತ್ತದೆ.

ಮನೆಯಿಂದ ಹೊರಟು ಮರಳದ ಪದದ ಪಾಡೇನು ಎನ್ನುವುದೇ ನನ್ನ ಅಳುಕು. ಪೈಪು ಸೇದುವ ಹುಲಿತಲೆಯವನನ್ನು ಮಾತ್ರ ಬಲ್ಲ ಮಗುವಿಗೆ ರಾಕ್ಷಸ ಎಂಬ ಪದದ ಕಾಲು ತೊಳೆಸುವವರು ಯಾರು?

*

ಆಟ ಮತ್ತು ದೇವರು ಒಂದೇ ಚಾಪೆಯಲ್ಲಿ ಕೂರಬಾರದೆಂದು ನಮ್ಮ ಹಿರಿಯರು ಎಂದೂ ಹೇಳಲಿಲ್ಲ. ದಶಾವತಾರ ಗಂಜೀಫಾ ಎಂಬ ಇಸ್ಪೀಟಿನಲ್ಲಿ 120 ಎಲೆ, ಹತ್ತು ಬಣ್ಣ, ಬಣ್ಣಕ್ಕೊಂದು ಅವತಾರ. ಒಂದೊಂದು ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿಯ ಎಲೆಗಳು. ಹಗಲು ಆಡಿದರೆ ರಾಮನಿಂದ ಶುರು, ರಾತ್ರಿ ಆಡಿದರೆ ಕೃಷ್ಣನಿಂದ. ನೋಡಿ, ವಿಷ್ಣುವಿಗೆ ಅಂಕಿ ಹಾಕಿದವರು ಅಮೆರಿಕದವರಿಗಿಂತ ಮೊದಲು ನಾವೇ! ಆದರೆ ಇಲ್ಲಿ ಸೋಲುವುದು ಕೈಯಲ್ಲಿ ಎಲೆ ಹಿಡಿದವನು. ಎಲೆಯ ಮೇಲಿನ ರಾಮ ಸಾಯುವುದಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ರಾಜ್ಯದ ಆಡಳಿತವನ್ನು 1831ರಲ್ಲಿ ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ ಅವರಿಗೆ ಉಳಿದದ್ದು ಕಲೆ, ಗ್ರಂಥ, ದೇವರು ಮತ್ತು ಆಟ. ಎಲೆಗಳ ಆಟ, ಮಣೆಯ ಆಟ, ಚದುರಂಗದ ಚಮತ್ಕಾರ ಎಂದು ಹೊಸ ಹೊಸದನ್ನು ಕಟ್ಟಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಮಣೆಗಳು ಈಗಲೂ ಚಿತ್ರವಾಗಿ ನಿಂತಿವೆ. ಅವರ ಹೆಸರಿನ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ ಎಂದು ಒಂದೊಂದಾಗಿ ದೇವತೆಗಳ ರೂಪಗಳನ್ನು ಧ್ಯಾನಶ್ಲೋಕದ ಸಮೇತ ವರ್ಣಿಸುತ್ತ ಬಂದು, ಕೊನೆಯ ನಿಧಿಯಲ್ಲಿ ಯೋಗಾಸನಗಳಿಗೂ ಆಟಗಳಿಗೂ ಜಾಗ. ಆ ಒಂಬತ್ತನೆಯದರ ಹೆಸರು ಕೌತುಕನಿಧಿ.

ಕೌತುಕ! ಇದೆಂಥ ಚಂದದ ಪದ. ಕುತೂಹಲವೂ ಅದೇ, ಬೆರಗೂ ಅದೇ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ದಾರಕ್ಕೂ ಸಂಸ್ಕೃತದಲ್ಲಿ ಅದೇ ಹೆಸರು. ದೇವರನ್ನು ನೋಡುವ ಕಣ್ಣು, ದಾಳ ನೋಡುವ ಕಣ್ಣು, ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ ಹಾಗೆ.

ವೈಕುಂಠ ಏಕಾದಶಿಯ ಜಾಗರಣೆಗೆ ಪರಮಪದ ಸೋಪಾನ ಆಡುವ ಪದ್ಧತಿ ದಕ್ಷಿಣದಲ್ಲಿ ಹಲವು ಕಡೆ ಉಂಟು. ಪುಣ್ಯದ ಏಣಿ, ಪಾಪದ ಹಾವು, ತುದಿಯಲ್ಲಿ ವೈಕುಂಠ. ಇಂಗ್ಲೆಂಡಿಗೆ ಹೋದ ಈ ಆಟ ಮೆಲ್ಲಮೆಲ್ಲಗೆ ಪಾಪಪುಣ್ಯ ಕಳಚಿಕೊಂಡು ಬರೀ ಹಾವು ಏಣಿಯಾಯಿತು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿ ಹಾವನ್ನೂ ತೆಗೆದು ಜಾರುಬಂಡೆ ಇಟ್ಟಿತು. ಚಿಕ್ಕಂದಿನಲ್ಲಿ ಈ ಆಟ ಆಡುವಾಗ ನನಗೊಂದು ಸಂಶಯವಿತ್ತು. ಕರ್ಮಕ್ಕೆ ತಕ್ಕ ಫಲ ಎನ್ನುತ್ತಾರೆ, ಇಲ್ಲಿ ನೋಡಿದರೆ ದಾಳಕ್ಕೆ ತಕ್ಕ ಫಲ! ಅಜ್ಜಿಯನ್ನು ಕೇಳಿದರೆ, "ದಾಳದಲ್ಲಿ ಎಷ್ಟು ಬೀಳುತ್ತದೆ ಎನ್ನುವುದಕ್ಕೂ ಒಂದು ಕರ್ಮ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ" ಎಂದು ಕವಡೆ ಕುಲುಕಿದ್ದಳು.

*

ಇಷ್ಟೆಲ್ಲ ತಲೆಯೊಳಗೆ ಸುತ್ತುವಷ್ಟರಲ್ಲಿ ಮೇಜಿನ ಸುತ್ತ ಗುಜುಗುಜು ಶುರುವಾಗಿತ್ತು. ಸತ್ತವಳಿಗೆ ಇನ್ನೊಂದು ದಾರಿ ಇದೆಯಂತೆ. ಅವರ ಗುಂಪಿನಲ್ಲಿ ಒಬ್ಬ ಡ್ರುಯಿಡ್, ಹಳೆಯ ಯುರೋಪಿನ ಕೆಲ್ಟ್ ಜನರ ಪುರೋಹಿತ. ಅವನಿಗೆ ಪುನರ್ಜನ್ಮದ ಮಂತ್ರ ಬರುತ್ತದೆ.

ನಮ್ಮ ಹುಡುಗ ನಿಯಮ ಓದಿ ಹೇಳಿದ. "ಸತ್ತು ಹತ್ತು ದಿನದೊಳಗೆ ಮಾಡಬೇಕು ದೊಡ್ಡಮ್ಮ. ಮಂತ್ರ ಹೊಸ ದೇಹ ತಯಾರು ಮಾಡತ್ತೆ. ಆಮೇಲೆ ಆತ್ಮನ ಅದರೊಳಗೆ ಕರೆಯತ್ತೆ. ಯಾವ ದೇಹ ಅನ್ನೋದು ದಾಳ ಹೇಳತ್ತೆ."

ಹತ್ತು ದಿನ. ನನ್ನ ಬೆನ್ನಲ್ಲಿ ಚಳಿ ಹರಿದಂತಾಯಿತು. ಅಪ್ಪ ಹೋದಾಗ ಪುರೋಹಿತರು ಹೇಳಿದ್ದು ಕಿವಿಯಲ್ಲೇ ಇತ್ತು: ದಿನಕ್ಕೊಂದು ಪಿಂಡ, ಒಂದೊಂದು ಪಿಂಡದಿಂದ ಒಂದೊಂದು ಅಂಗ, ಹತ್ತು ದಿನಕ್ಕೆ ಹೋದವರಿಗೊಂದು ದೇಹ. ಈ ನಿಯಮ ಬರೆದವನಿಗೆ ನಮ್ಮ ದಶಾಹ ಗೊತ್ತಿತ್ತೋ, ಇಲ್ಲಾ ಹತ್ತು ಬೆರಳಿನ ಮನುಷ್ಯ ಎಲ್ಲಿ ಎಣಿಸಿದರೂ ಹತ್ತಕ್ಕೇ ಬಂದು ನಿಲ್ಲುತ್ತಾನೋ! ಅಪ್ಪನ ಹತ್ತು ದಿನ ಮುಗಿದ ಸಂಜೆ ನಾನು ಅಂಗಳದಲ್ಲಿ ನಿಂತು, ಈಗ ಅವರಿಗೆ ಕೈ ಬಂದಿರುತ್ತದೆ, ಲೋಟ ಹಿಡಿಯಬಹುದು ಎಂದು ಯೋಚಿಸಿದ್ದೆ.

"ಇದರಲ್ಲಿ ಹಂದಿ, ಕರಡಿ ಆಗಿ ಹುಟ್ಟಲಿಕ್ಕುಂಟಾ?" ಎಂದೆ.

"ಹಳೇ ಪುಸ್ತಕದಲ್ಲಿ ಇತ್ತಂತೆ. ಈಗ ಕುಳ್ಳರು, ಎಲ್ಫ್‌ಗಳು ಅಷ್ಟೇ" ಎಂದ.

ಹತ್ತು ಮುಖದ ಎರಡು ದಾಳಗಳನ್ನು ಸತ್ತವಳ ಕೈಗೇ ಕೊಟ್ಟರು. ಅವಳು ಎರಡೂ ಅಂಗೈ ಗೂಡಾಗಿಸಿ ಕುಲುಕಿದಳು. ಕಣ್ಣು ಮುಚ್ಚಿದಳು. ತುಟಿ ಅಲುಗಿತು, ಏನೆಂದಳೋ ಕೇಳಲಿಲ್ಲ. ಪೋಡಿ ಕಚ್ಚುತ್ತಿದ್ದವನು ಅಗಿಯುವುದನ್ನು ನಿಲ್ಲಿಸಿದ. ಅಷ್ಟು ಹೊತ್ತು ಬಾಯಿ ಮುಚ್ಚದ ಐವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹೊರಗೆ ಮಳೆ ಮಾತ್ರ.

ಈ ಮೌನದ ಗುರುತು ನನಗಿತ್ತು. ಚೌಕಿಯ ತಟ್ಟಿಯ ಸಂದಿಯಲ್ಲಿ ಅದನ್ನು ಕಂಡಿದ್ದೆ.

ದಾಳ ಎಸೆದಳು. ಒಂದು ಹಾಳೆಯ ಮೇಲೆ ನಿಂತಿತು. ಇನ್ನೊಂದು ತಟ್ಟೆಗೆ ಬಡಿದು, ಹಾರಿ, ನೆಲಕ್ಕುರುಳಿ, ಸೋಫಾದಡಿ ಎಲ್ಲೋ ಮಾಯ. ಐವರೂ ಕುರ್ಚಿ ತಳ್ಳಿ ಮೊಣಕಾಲೂರಿದರು, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ ಕತ್ತಲೆಯೊಳಗೆ ಇಣುಕಿದರು. ಮಂಡಿನೋವು ಮರೆತು ನಾನೂ ಬಗ್ಗಿದೆ. ಗೋಡೆಯ ಮೂಲೆಯಲ್ಲಿ, ಧೂಳಿನ ನಡುವೆ, ಕೆಂಪು ಹರಳಿನ ಹಾಗೆ ಹೊಳೆಯುತ್ತಿತ್ತು. ಮೊದಲು ಕಂಡದ್ದು ನನಗೇ.

"ಸಿಕ್ಕಿತು! ಏಳು ಬಿದ್ದಿದೆ!" ಎಂದು ಕೂಗಿದೆ.

"ಅದು ಲೆಕ್ಕಕ್ಕಿಲ್ಲ ದೊಡ್ಡಮ್ಮ" ಎಂದ ಹುಡುಗ, ನೆಲದ ಮೇಲಿಂದಲೇ. "ಕೆಳಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ಮತ್ತೆ ಹಾಕ್ಬೇಕು."

ನಮ್ಮ ಕಡೆ ಕೆಳಗಿಳಿದು ಬಂದದ್ದಕ್ಕೇ ಲೆಕ್ಕ ಕಣೋ ಎನ್ನಬೇಕೆಂದಿದ್ದೆ. ಅನ್ನಲಿಲ್ಲ. ದಾಳದ ಧೂಳನ್ನು ಸೆರಗಿನಿಂದ ಒರೆಸಿ, ಸತ್ತು ಕೂತಿದ್ದ ಆ ಹುಡುಗಿಯ ಅಂಗೈಯಲ್ಲಿಟ್ಟೆ.